ಪಡಸಾಲೆಯ ಸೈಕಲ್ ಸಾಲಿ

ನನ್ನ ಮೊಮ್ಮಗಳು ಹುಬ್ಬಳ್ಳಿಯಲ್ಲಿ ಸೈಕಲ್ ಕ್ಲಾಸಿಗೆ ಹೋಗುತ್ತಾಳೆ. ಆ ಸೈಕಲ್ಲು ಕೋಣೆ ಬಿಟ್ಟು ಹೊರಗೆ ಬರುವುದಿಲ್ಲ. ಅದಕ್ಕೆ ಮುಟ್ಟಬೇಕಾದ ಊರಿಲ್ಲ, ಸವೆಸಬೇಕಾದ ದಾರಿಯಿಲ್ಲ. ಸಾಲಾಗಿ ಸೈಕಲ್ಲು ನಿಲ್ಲಿಸಿ, ಹಾಡು ಜೋರಾಗಿ ಹಚ್ಚಿ, ಮುಂದೊಬ್ಬ ಹುಡುಗ ನಿಂತು "ಬಿಡಬ್ಯಾಡ್ರಿ, ಬಿಡಬ್ಯಾಡ್ರಿ" ಎಂದು ಕೂಗುತ್ತಿದ್ದರೆ ಇವರೆಲ್ಲ ಬೆವರು ಸುರಿಸಿಕೊಂಡು ಇದ್ದಲ್ಲೇ ತುಳಿಯುತ್ತಾರಂತೆ. ಮೊದಲು ಸೇರಿದ್ದ ಕ್ಲಾಸು ಅವಳಿಗೆ ಸರಿಬರಲಿಲ್ಲ. ಅಲ್ಲಿಯ ಹಾಡು ಕಾಲಿಗೆ ಹೊಂದುತ್ತಿರಲಿಲ್ಲವಂತೆ, ಕಲಿಸುವವನು ಯಾರ ಮುಖವನ್ನೂ ನೋಡುತ್ತಿರಲಿಲ್ಲವಂತೆ. "ಒಳ್ಳೆ ಕ್ಲಾಸ್ ಸಿಗೂದು ಎಷ್ಟ್ ಕಷ್ಟ ಗೊತ್ತೈತೇನ್ ಅಜ್ಜಿ? ನಿನಗೆಲ್ಲಿ ಗೊತ್ತಾಗಬೇಕು ಬಿಡು" ಎಂದಳು.

ನನಗೆ ಗೊತ್ತಿಲ್ಲವಂತೆ! ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ಯಲಬುರ್ಗಾದ ನಮ್ಮ ಮನೆಯ ಪಡಸಾಲೆಯಲ್ಲಿ, ಮಳೆಗಾಲದಿಂದ ಸುಗ್ಗಿಯವರೆಗೆ, ಇಂಥದೇ ಒಂದು ಸಾಲಿ ನಡೆದಿತ್ತು. ಹಾಡಿತ್ತು, ಕೂಗುವವನಿದ್ದ, ಕಾಲಿಡಲು ಜಾಗವಿಲ್ಲದಷ್ಟು ಮಂದಿ ಇದ್ದರು. ಸೈಕಲ್ಲು ಮಾತ್ರ ಒಂದೇ. ತುಳಿಯುವವರೂ ಒಬ್ಬರೇ, ಅವರು ನನ್ನ ಗಂಡ.

ಅವರದು ಮಲೇರಿಯಾ ಕೆಲಸ. ಸುತ್ತಲ ಹಳ್ಳಿಗಳಿಗೆ ಸೈಕಲ್ ಮೇಲೆ ಹೋಗಿ, ಮನೆಮನೆ ಹೊಕ್ಕು, ಜ್ವರ ಬಂದವರ ಬೆರಳಿಗೆ ಸೂಜಿ ಚುಚ್ಚಿ, ಗಾಜಿನ ಚೂರಿನ ಮೇಲೆ ರಕ್ತ ಒರೆಸಿಕೊಂಡು ಬರುವುದು. ಬಂದು ಹೋದ ಗುರುತಿಗೆ ಬಾಗಿಲ ಪಕ್ಕದ ಗೋಡೆಯ ಮೇಲೆ ತಾರೀಖು ಬರೆದು ಸಹಿ ಹಾಕಬೇಕು. ಹಳ್ಳಿಯ ಮಂದಿ ಅವರನ್ನು ಮಲೇರಿಯಾ ಸಾಹೇಬರು ಅನ್ನುತ್ತಿದ್ದರು. ದೊಡ್ಡ ಸಾಹೇಬಿಕೆಯೇನೂ ಅಲ್ಲ, ಖಾಕಿ ಚೀಲವೊಂದು, ಸೈಕಲ್ಲೊಂದು. ನಮ್ಮ ಕಡೆಯದು ಎರೆಭೂಮಿ. ನಾಲ್ಕು ಹನಿ ಬಿದ್ದರೆ ಸಾಕು, ಮಣ್ಣು ಗಾಲಿಗೆ ಮೆತ್ತಿಕೊಂಡು ಸೈಕಲ್ಲು ಉರುಳುವುದೇ ಇಲ್ಲ. ಹೆಗಲ ಮೇಲೆ ಹೊರಬೇಕು. ಸಂಜೆ ಮೊಣಕಾಲ ತನಕ ಕೆಸರು ಮಾಡಿಕೊಂಡು ಬಂದು, "ಅರ್ಧ ದಾರಿ ನಾ ಸೈಕಲ್ ಮ್ಯಾಲೆ, ಇನ್ನರ್ಧ ದಾರಿ ಸೈಕಲ್ ನನ್ನ ಮ್ಯಾಲೆ. ಲೆಕ್ಕ ಚುಕ್ತಾ" ಎಂದು ನಗುತ್ತಿದ್ದರು. ನಾನು ಕಾಲಿಗೆ ನೀರು ಕೊಡುತ್ತ ಬೈಯುತ್ತಿದ್ದೆ. ಆ ಕೆಸರನ್ನು ಬೈದದ್ದಕ್ಕೆ ಆಮೇಲೆ ಎಷ್ಟು ಸಲ ಬಾಯಿ ಬಡಿದುಕೊಂಡೆನೋ.

ಒಂದು ಬೆಳಿಗ್ಗೆ ಸ್ನಾನ ಮುಗಿಸಿ ಪ್ಯಾಂಟು ಹಾಕಿಕೊಳ್ಳುತ್ತಿದ್ದವರು ಒಂದು ಕಾಲು ಹಾಕಿಕೊಂಡು ಹಾಗೇ ಗೋಡೆಗೆ ಕುಸಿದರು. ಬಾಯಿ ಒಂದು ಕಡೆ ಸೊಟ್ಟಗಾಗಿತ್ತು. ಲಕ್ವಾ ಹೊಡೆದಿತ್ತು. ಕೊಪ್ಪಳದ ಆಸ್ಪತ್ರೆಗೆ ಜೀಪಿನಲ್ಲಿ ಒಯ್ದೆವು. ಬಾಯಿ ನೆಟ್ಟಗಾಯಿತು, ಮಾತು ತೊದಲುತ್ತಲೇ ಮರಳಿ ಬಂತು. ಎಡಗೈ, ಎಡಗಾಲು ಮಾತ್ರ ಬರಲಿಲ್ಲ. ದಿನಾ ಕಾಲು ಆಡಿಸುತ್ತಿರಿ, ಬಂದರೆ ಬಂತು ಎಂದು ಹೇಳಿ ಡಾಕ್ಟರು ಮನೆಗೆ ಕಳಿಸಿದರು. ನನ್ನ ಗಂಡನದು ಊರೂರು ತಿರುಗುವ ನೌಕರಿ. ರಜೆ ತೀರಿದ ಮೇಲೆ ರಾಯಚೂರಿಗೆ ಹೋಗಿ ದೊಡ್ಡ ಡಾಕ್ಟರಿಗೆ ತೋರಿಸಬೇಕು, ಕಾಲು ಬಂದಿದ್ದರೆ ಮತ್ತೆ ಚೀಲ, ಸೈಕಲ್ಲು, ಹಳ್ಳಿ. ಬಾರದಿದ್ದರೆ ಮನೆ. ಮನೆ ಅಂದರೆ ನಾನು, ಎರಡು ಮಕ್ಕಳು, ಗಂಡನಿಲ್ಲದ ನನ್ನ ನಾದಿನಿ. ಎಲ್ಲರ ಕಣ್ಣೂ ಆ ಒಂದು ಕಾಲಿನ ಮೇಲೆ.

ಊರ ಅಗಸಿ ಬಾಗಿಲ ಹಿಂದೆ ಗರಡಿ ಮನೆ ನಡೆಸುತ್ತಿದ್ದ ವಸ್ತಾದರು ಮಾತಾಡಿಸಲು ಬಂದದ್ದು ಆಗಲೇ. ಅವರ ಕಿವಿ ಎರಡೂ ಕುಸ್ತಿಯಲ್ಲಿ ಮುರುಟಿ ಹೋಗಿದ್ದವು, ದನಿ ಮಾತ್ರ ಊರ ಆಚೆ ದಂಡೆಗೂ ಕೇಳುತ್ತಿತ್ತು. ಪಾರಿವಾಳದ ರಕ್ತ ತಿಕ್ಕಿ, ಆ ಎಣ್ಣೆ ಹಚ್ಚಿ, ಈ ದೇವರಿಗೆ ನಡೆದುಕೊಳ್ಳಿ ಎಂದು ಬಂದವರೆಲ್ಲ ಹೇಳಿ ಹೋಗಿದ್ದರು. ವಸ್ತಾದರು ಹಾಸಿಗೆಯ ಕಾಲ್ದೆಸೆಯಲ್ಲಿ ಕೂತು ಎಡಗಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿದರು.

"ತಂಗೀ, ಏನೂ ಆಗಿಲ್ಲ. ಕಾಲು ಮುನಿಸ್ಕೊಂಡೈತಿ, ಅಷ್ಟ. ರಮಿಸಬೇಕು. ಈ ಕಾಲಿಗೆ ಗೊತ್ತಿರೂದು ಒಂದ ಕೆಲಸ, ಸೈಕಲ್ ತುಳಿಯೂದು. ಆ ಕೆಲಸ ಕೊಡ್ರಿ ಅದಕ್ಕ. ಎದ್ದು ಕುಂದರ್ತೈತಿ."

ಮರುದಿನವೇ ಬಾಡಿಗೆ ಸೈಕಲ್ ಅಂಗಡಿಯ ಚಾಚಾನನ್ನು ಕರೆದುಕೊಂಡು ಬಂದರು. ಚಾಚಾ ನಮ್ಮ ಪಡಸಾಲೆಯ ಎರಡು ಕಂಬಗಳ ನಡುವೆ ನನ್ನ ಗಂಡನ ಸೈಕಲ್ಲನ್ನೇ ನಿಲ್ಲಿಸಿದ. ಹಿಂದಿನ ಗಾಲಿ ನೆಲ ಬಿಟ್ಟು ಎದ್ದಿರುವ ಹಾಗೆ ಸ್ಟ್ಯಾಂಡಿನ ಕೆಳಗೆ ಹಲಗೆ ಕೊಟ್ಟ, ಸೈಕಲ್ಲು ಅಲುಗದಂತೆ ಕಂಬಗಳಿಗೆ ಬಿಗಿದ. ಬಲಗೈಯಲ್ಲಿ ಹಿಡಿದುಕೊಳ್ಳಲು ಜಂತಿಯಿಂದ ಒಂದು ಹಗ್ಗ ಇಳಿಬಿಟ್ಟ. ಮುಂದಿನ ಗಾಲಿ ಅಡ್ಡ ಬರುತ್ತದೆಂದು ಅದನ್ನು ಬಿಚ್ಚಿ ಮೂಲೆಗೆ ಒರಗಿಸಿದ. ಗಾಲಿ ಬಿಚ್ಚುವಾಗ ನನ್ನ ಗಂಡ ಗೋಡೆಯ ಕಡೆ ಹೊರಳಿ ಮಲಗಿದರು. ಚಾಚಾ ಅದನ್ನು ಕಂಡು, "ಫಿಕರ್ ಮಾಡಬ್ಯಾಡ್ರಿ ಸಾಹೇಬ್ರ, ಗಾಲಿ ಎಲ್ಲೂ ಹೋಗಂಗಿಲ್ಲ. ನೀವು ಎದ್ದ ದಿನ ನಾನ ಬಂದು ಹಾಕಿಕೊಡ್ತೀನಿ" ಅಂದ.

ಅವರನ್ನು ಎತ್ತಿ ಕೂರಿಸಲು ಇಬ್ಬರು ಬೇಕಾಗುತ್ತಿತ್ತು. ಮೊದಲ ಸಲ ಕೂರಿಸಿದಾಗ ಎಡಪಾದ ಪೆಡಲ್ಲಿನಿಂದ ಜಾರಿ ಜಾರಿ ಬೀಳತೊಡಗಿತು. "ಕಟ್ಟು ತಂಗೀ" ಅಂದರು ವಸ್ತಾದರು. ನಾನು ನನ್ನ ಹಳೆ ಇಳಕಲ್ ಸೀರೆಯ ಅಂಚು ಹರಿದು ತಂದು ಪಾದವನ್ನು ಪೆಡಲ್ಲಿಗೆ ಕಟ್ಟಿದೆ. ಅವತ್ತಿನಿಂದ ಕಟ್ಟುವ ಕೆಲಸ ನನ್ನದೇ ಆಯಿತು. ಅವರು ಬಲಗಾಲಿನಿಂದ ಒತ್ತಿದರು. ಗಾಲಿ ಕರ್ರೆಂದು ತಿರುಗಿತು. ಬಲಗಾಲು ಇಳಿಯಿತು, ಎಡಗಾಲು ಏರಿತು. ಎಡಗಾಲು ಇಳಿಯಿತು, ಬಲಗಾಲು ಏರಿತು.

"ಬಂತು! ಕಾಲು ಬಂತು ನೋಡ್ರಿ!" ಎಂದು ವಸ್ತಾದರು ಕೂಗಿದ್ದಕ್ಕೆ ಓಣಿಗೆ ಓಣಿಯೇ ನಮ್ಮ ಮನೆಗೆ ಓಡಿ ಬಂತು. ನಾದಿನಿ ಅಲ್ಲಿಂದಲೇ ದೇವಿಯ ಗುಡಿಯಿರುವ ಹುಲಿಗಿಯ ಕಡೆ ಮುಖ ಮಾಡಿ ಕೈಮುಗಿದಳು. ನಾನು ಕಂಬ ಹಿಡಿದುಕೊಂಡು ಅತ್ತುಬಿಟ್ಟೆ. ಹೌದು, ನಾನೂ ನಂಬಿದೆ. ವಾರಗಟ್ಟಲೆ ಸತ್ತಂತೆ ಬಿದ್ದಿದ್ದ ಕಾಲು ಕಣ್ಣೆದುರಿಗೇ ಏರಿಳಿಯುತ್ತಿದ್ದರೆ ಯಾರು ನಂಬುವುದಿಲ್ಲ?

ಆಮೇಲೆ ದಿನಾ ಹೊತ್ತೇರಿದ ಕೂಡಲೇ ಸಾಲಿ ಶುರು. ವಸ್ತಾದರು ಗರಡಿಯಿಂದ ನೇರ ಬರುತ್ತಿದ್ದರು, ಮೈಗೆ ಕೆಮ್ಮಣ್ಣು ಇನ್ನೂ ಅಂಟಿರುತ್ತಿತ್ತು. ಮೊದಲು ಎಣ್ಣೆ ತಿಕ್ಕಾಟ, ಆಮೇಲೆ ಸವಾರಿ. ನಮ್ಮ ಎದುರು ಮನೆಯಲ್ಲಿ ಭಜನೆಯವರಿದ್ದರು. ಬರೀ ತುಳಿದರೆ ಮನಸ್ಸು ಬೇಜಾರಾಗುತ್ತದೆಂದು ಅವರೇ ತಾಳ, ದಮ್ಮಡಿ ತಂದು ಪಡಸಾಲೆಯಲ್ಲಿ ಕೂತರು. ಅಲ್ಲಿಂದ ಒಂದು ಜಗಳ ಹುಟ್ಟಿಕೊಂಡಿತು. ಭಜನೆಯ ಅಜ್ಜ ನಿಧಾನದ ಪದ ಎತ್ತಿಕೊಂಡರೆ ಗಾಲಿಯೂ ನಿಧಾನ. ವಸ್ತಾದರಿಗೆ ತಾಳ್ಮೆ ಇಲ್ಲ. "ಅಜ್ಜಾರ, ಸ್ವಲ್ಪ ಓಡೂ ಪದ ಹಾಡ್ರಿ" ಅನ್ನುವರು. "ಇದು ದೇವರ ಪದ ಐತಪ್ಪ, ಎತ್ತು ಹೊಡಿಯಾಕ ಹಾಡೂದಲ್ಲ" ಎಂದು ಅಜ್ಜ ತಾಳ ಕೆಳಗಿಡುವರು. ನಾನು ಚಹಾ ಕೊಟ್ಟು ರಾಜಿ ಮಾಡಿಸಬೇಕು. ಚಹಾ ಕಾಸಿ ಕಾಸಿ ನನಗೇ ಲಕ್ವಾ ಹೊಡೆಯುತ್ತದೆ ಅನ್ನಿಸುತ್ತಿತ್ತು. ಕೊನೆಗೆ ಅಜ್ಜರೇ ಸೋತು, ನನ್ನ ಗಂಡನ ಮುಖ ನೋಡಿಕೊಂಡು ಹಾಡಲು ಕಲಿತರು. ಅವರಿಗೆ ಉಸಿರು ಹೆಚ್ಚಿದರೆ ಪದ ಇಳಿಯುತ್ತಿತ್ತು, ಮುಖದಲ್ಲಿ ಗೆಲುವು ಬಂದರೆ ಪದ ಏರುತ್ತಿತ್ತು. ಮೊಮ್ಮಗಳು ಹೇಳುವ ಒಳ್ಳೆ ಕ್ಲಾಸು ಇದೇ ಇರಬೇಕು. ನಮಗೆ ಅದು ಪುಕ್ಕಟೆ ಸಿಕ್ಕಿತ್ತು.

ಸಂತೆಯ ದಿನ ಜಾತ್ರೆಯ ಗದ್ದಲ. ಅವರು ರಕ್ತ ತೆಗೆದ ಹಳ್ಳಿಗಳ ಮಂದಿಯೆಲ್ಲ ಸಂತೆಗೆ ಬಂದವರು ನಮ್ಮ ಮನೆ ಹೊಕ್ಕೇ ಹೋಗುವರು. ಪಡಿ ಜೋಳ, ಸೆರಗಿನ ತುಂಬ ಶೇಂಗಾ, ಹೆಸರು, ಒಬ್ಬಾತ ಜೀವಂತ ಕೋಳಿಯನ್ನೇ ತಂದಿದ್ದ. ಅವರಲ್ಲಿ ಒಬ್ಬ ಮುದುಕಿ ಇದ್ದಳು. ಸೂಜಿ ಅಂದರೆ ಅವಳಿಗೆ ಜೀವಭಯ. ಇವರ ಸೈಕಲ್ಲಿನ ಗಂಟೆ ಕೇಳಿದರೆ ಜೋಳದ ಹೊಲದೊಳಗೆ ಹೊಕ್ಕು ಕೂತುಬಿಡುತ್ತಿದ್ದಳಂತೆ. ಅವಳು ಬಂದು, ತುಳಿಯುತ್ತಿದ್ದವರ ಎದುರು ತನ್ನ ಎರಡೂ ಕೈ ಚಾಚಿ ನಿಂತಳು.

"ಯಪ್ಪಾ, ಲಗೂನ ಎದ್ದು ಬಾ. ಇನ್ನ ನಾ ಓಡಿ ಹೋಗಂಗಿಲ್ಲ. ಹತ್ತೂ ಬೆರಳು ಕೊಡ್ತೀನಿ, ಎಷ್ಟ ಬೇಕೋ ಅಷ್ಟ ಚುಚ್ಚು."

ಪಡಸಾಲೆ ನಕ್ಕಿತು. ನನ್ನ ಗಂಡನೂ ನಕ್ಕರು. ಲಕ್ವಾ ಹೊಡೆದ ಮೇಲೆ ಅವರು ಹಾಗೆ ನಕ್ಕದ್ದನ್ನು ನಾನು ಅವತ್ತೇ ಕಂಡದ್ದು.

ನಮ್ಮ ಕಡೆ ಒಂದು ರೀತಿ ಇದೆ. ಬೇನೆ ಬಿದ್ದವರನ್ನು ನೋಡಲು ಬಂದವರು ಹೊಸ್ತಿಲು ದಾಟುತ್ತಲೇ "ಮೊನ್ನೆಕಿಂತ ಗೆಲುವಾಗ್ಯಾರ" ಎನ್ನಲೇಬೇಕು. ಹೆಣವೊಂದು ಬಿಟ್ಟು ಮತ್ತೆಲ್ಲರೂ ಮೊನ್ನೆಗಿಂತ ಗೆಲುವಾಗಿಯೇ ಇರುತ್ತಾರೆ. ಹಾಗನ್ನದೆ ಸುಮ್ಮನೆ ಕೂತು ಎದ್ದುಹೋದವನನ್ನು ಮನೆಯವರು ವರ್ಷಗಟ್ಟಲೆ ಮರೆಯುವುದಿಲ್ಲ. ನಮ್ಮ ಪಡಸಾಲೆಯಲ್ಲಂತೂ ಆ ಮಾತಿಗೆ ಕಣ್ಣೆದುರಿನ ಸಾಕ್ಷಿಯೇ ಇತ್ತು. ಕಾಲು ಏರಿಳಿಯುತ್ತಿತ್ತಲ್ಲ.

ಅವರು ಎಡಕ್ಕೆ ವಾಲಿ ಬೀಳದಂತೆ ನಾನು ಎಡಗಡೆ ಒತ್ತಿಕೊಂಡು ನಿಲ್ಲುತ್ತಿದ್ದೆ. ಒಂದು ದಿನ ಆಸರೆಗೆಂದು ಅವರ ಎಡತೊಡೆಯ ಮೇಲೆ ಕೈ ಇಟ್ಟೆ. ಗಾಲಿ ರಭಸದಿಂದ ತಿರುಗುತ್ತಿತ್ತು, ಭಜನೆ ಏರಿತ್ತು, ವಸ್ತಾದರು "ಭಲೇ, ಭಲೇ" ಅನ್ನುತ್ತಿದ್ದರು. ನನ್ನ ಕೈಯ ಕೆಳಗೆ ತೊಡೆ ನಾದಿಟ್ಟ ಹಿಟ್ಟಿನ ಹಾಗೆ ಮೆತ್ತಗೆ ಬಿದ್ದಿತ್ತು. ಬಿಗಿಯಲಿಲ್ಲ, ಸಡಿಲಲಿಲ್ಲ. ನಾನು ಕೈ ಅಲ್ಲೇ ಇಟ್ಟುಕೊಂಡು ಇನ್ನಷ್ಟು ಸುತ್ತು ಕಾದೆ. ಅಷ್ಟರಲ್ಲಿ ಎಣ್ಣೆ ಹಚ್ಚಿದ್ದ ಬಲಪಾದ ಪೆಡಲ್ಲಿನಿಂದ ಜಾರಿತು. ಅದು ಜಾರಿದ್ದೇ ತಡ, ಎಡಗಾಲೂ ಇದ್ದಲ್ಲೇ ನಿಂತುಬಿಟ್ಟಿತು.

ಆಗ ನನಗೆ ತಿಳಿಯಿತು. ನೊಗಕ್ಕೆ ಕಟ್ಟಿದ ಮೇಲೆ ಎಳೆಯದ ಎತ್ತೂ ಜೊತೆಯ ಎತ್ತಿನ ಸಂಗಡ ಹೆಜ್ಜೆ ಹಾಕಲೇಬೇಕು. ಇಷ್ಟು ದಿನ ತುಳಿದದ್ದೆಲ್ಲ ಬಲಗಾಲು. ಎಡಗಾಲನ್ನು ಹೊತ್ತು ತಿರುಗಿಸಿದ್ದೂ ಅದೇ. ಕಾಲು ಬಂದಿರಲಿಲ್ಲ. ನಾನು ಕಟ್ಟಿದ ಸೀರೆಯ ಅಂಚು ಅದನ್ನು ಬರಿಸಿತ್ತು. ಅಂಗೈಯಗಲದ ಈ ಸತ್ಯವನ್ನು ಇಷ್ಟು ಮಂದಿಯ ನಡುವೆ ನಾನೊಬ್ಬಳೇ ಹಿಡಿದುಕೊಂಡು ನಿಂತಿದ್ದೆ, ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ.

ಒಲೆಯ ಮುಂದೆ ನಾದಿನಿಯ ಹತ್ತಿರ ಮೆಲ್ಲಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನನ್ನು ದುರುಗುಟ್ಟಿ ನೋಡಿದಳು.

"ಬಾಯಾಗ ಬರಬಾರದ ಮಾತು ಆಡಬ್ಯಾಡ. ಅಸ್ತು ಅನ್ನೂ ದೇವರು ಜಂತಿ ಮ್ಯಾಲೆ ಕುಂತಿರ್ತಾವ. ಇಷ್ಟ ಮಂದಿ ಕಣ್ಣಿಗೆ ಕಾಣೂದು ನಿನಗೊಬ್ಬಾಕಿಗೆ ಕಾಣಂಗಿಲ್ಲೇನು? ನಾಲಿಗಿ ಕಚ್ಚಿಕೋ."

ಕಚ್ಚಿಕೊಂಡೆ. ಇನ್ನೇನು ಮಾಡಲಿ? ಡಾಕ್ಟರಿಗೆ ಹೇಳೋಣವೆಂದರೆ ಅವರು ಕೊಪ್ಪಳದಲ್ಲಿ. ಹೇಳಿದರೂ ಅವರು ಮೊದಲೇ "ಬಂದರೆ ಬಂತು" ಅಂದಿದ್ದರಲ್ಲ. ವಸ್ತಾದರಿಗೆ ಹೇಳೋಣವೆಂದರೆ, ತಮ್ಮ ಸ್ವಂತ ಮಗ ಕುಸ್ತಿ ಗೆದ್ದ ಹಾಗೆ ಕುಣಿಯುತ್ತಿದ್ದ ಆ ಮನುಷ್ಯನ ಮುಖ ನೋಡಿ ಚಹಾದ ಲೋಟ ಕೈಗಿಟ್ಟು ಒಳಗೆ ಬಂದುಬಿಡುತ್ತಿದ್ದೆ. ಗಂಡನಿಗೆ ಹೇಳುವುದಂತೂ ದೂರವೇ ಉಳಿಯಿತು. ದಿನಾ ಬೆಳಿಗ್ಗೆ ಅಂಚು ತಂದು ಕಟ್ಟುತ್ತಿದ್ದೆ, ಸಾಲಿ ಮುಗಿದ ಮೇಲೆ ಬಿಚ್ಚುತ್ತಿದ್ದೆ, ಚಹಾ ಕಾಸುತ್ತಿದ್ದೆ. ಕಟ್ಟುವಾಗ ಒಮ್ಮೊಮ್ಮೆ ಅವರು ಮೇಲಿನಿಂದ ನನ್ನ ತಲೆಯನ್ನೇ ನೋಡುತ್ತಿದ್ದಾರೆ ಅನ್ನಿಸುತ್ತಿತ್ತು. ನಾನು ತಲೆ ಎತ್ತುತ್ತಿರಲಿಲ್ಲ. ಸಿಟ್ಟು ಬರುತ್ತಿತ್ತು, ಯಾರ ಮೇಲೆ ಅಂತ ಇರಲಿಲ್ಲ. ಮಕ್ಕಳ ಬೆನ್ನಿಗೆ ಬೀಳುತ್ತಿತ್ತು ಅದು.

ರಾಯಚೂರಿಗೆ ಹೋಗುವ ಹಿಂದಿನ ದಿನ ಪಡಸಾಲೆ ತುಂಬಿ ಹೊರಗಿನ ಕಟ್ಟೆಯ ಮೇಲೂ ಮಂದಿ ಕೂತಿದ್ದರು. ಚಾಚಾ ಮೂಲೆಯಲ್ಲಿದ್ದ ಮುಂದಿನ ಗಾಲಿಗೆ ಗಾಳಿ ತುಂಬಿ ಒರೆಸಿ ಇಟ್ಟಿದ್ದ. ವಸ್ತಾದರು ತಲೆಗೆ ಹೊಸ ಪಟಗ ಸುತ್ತಿಕೊಂಡು ಬಂದಿದ್ದರು. ಅವತ್ತಿನ ಹಾಗೆ ಸೈಕಲ್ಲು ಯಾವತ್ತೂ ಓಡಿರಲಿಲ್ಲ. ಹಾಡು ಏರಿ ಏರಿ ಹೋಗಿ ನಿಂತಿತು. ಅವರು ಏದುಸಿರು ಬಿಡುತ್ತ ಹಗ್ಗ ಹಿಡಿದು ಕೂತಿದ್ದರು.

"ನಾಳೆ ಡಾಕ್ಟರ್ ಮುಂದ ಹಿಂಗ ಝಾಡಿಸಿಬಿಡ್ರಿ ಸಾಹೇಬ್ರ" ಅಂದರು ವಸ್ತಾದರು.

ನನ್ನ ಗಂಡ ನನ್ನ ಕಡೆ ನೋಡಿದರು. "ಬಿಚ್ಚು" ಅಂದರು.

ಸಾಲಿ ಮುಗಿಯಿತೆಂದು ಬಿಚ್ಚಿದೆ. ಇಳಿಸಲು ಇಬ್ಬರು ಮುಂದೆ ಬಂದರು. ಅವರು ಬೇಡವೆಂದು ತಲೆ ಅಲ್ಲಾಡಿಸಿ, ಬಲಗಾಲನ್ನು ಪೆಡಲ್ಲಿನಿಂದ ತೆಗೆದು ಸೈಕಲ್ಲಿನ ದಂಡದ ಮೇಲೆ ಇಟ್ಟುಕೊಂಡರು. ಎಡಪಾದವನ್ನು ಪೆಡಲ್ಲಿನ ಮೇಲೆ ಇಡು ಎಂದು ನನಗೆ ಕಣ್ಣಲ್ಲೇ ತೋರಿಸಿದರು. ಇಟ್ಟೆ, ಜಾರದಂತೆ ಹಿಡಿದುಕೊಂಡೆ.

"ವಸ್ತಾದ್ರ, ಈಗ ನೋಡ್ರಿ" ಅಂದರು ತೊದಲುತ್ತ.

ಎಲ್ಲರೂ ನೋಡಿದರು. ಅವರ ಕುತ್ತಿಗೆಯ ನರ ಉಬ್ಬಿದವು, ಮುಖ ಕೆಂಪಾಯಿತು, ಬಲಗೈಯ ಹಗ್ಗ ಜಂತಿಯನ್ನೇ ಕಿತ್ತುಕೊಂಡು ಬರುವಷ್ಟು ಬಿಗಿಯಿತು. ಮೈಯೆಲ್ಲ ತುಳಿಯುತ್ತಿತ್ತು. ನನ್ನ ಅಂಗೈಯಲ್ಲಿದ್ದ ಪಾದ ಮಾತ್ರ ನಿದ್ದೆ ಹೋದ ಕೂಸಿನ ಹಾಗೆ ಇತ್ತು. ಗಾಲಿ ಕೂದಲೆಳೆಯಷ್ಟೂ ಕದಲಲಿಲ್ಲ. ತಾಳ ಹಿಡಿದಿದ್ದ ಅಜ್ಜ ಅವನ್ನು ಸದ್ದಾಗದಂತೆ ತೊಡೆಯ ಮೇಲೆ ಇಟ್ಟುಕೊಂಡರು.

"ಮೊದಲ ಸೈಕಲ್ ನನ್ನ ಮ್ಯಾಲೆ ಬರ್ತಿತ್ತು" ಅಂದರು ಅವರು, ಉಸಿರು ತಿರುಗಿದ ಮೇಲೆ. "ಈಗ ಎಡಗಾಲು ಬಲಗಾಲಿನ ಮ್ಯಾಲೆ ಹೊಂಟೈತಿ. ನನಗ ಮೊದಲನೇ ದಿನಾನ ಗೊತ್ತಿತ್ರಿ."

ವಸ್ತಾದರು ಬಂದು ನೆಲದ ಮೇಲೆ ಕೂತು, ನನ್ನ ಕೈಯಿಂದ ಪಾದವನ್ನು ಬಿಡಿಸಿಕೊಂಡು, ಪೆಡಲ್ಲಿನ ಸಮೇತ ತಮ್ಮ ಎರಡೂ ಕೈಯಲ್ಲಿ ಹಿಡಿದು ತಾವೇ ತಿರುಗಿಸತೊಡಗಿದರು. "ನಾ ತಿರುವ್ತೀನಿ, ನೀವು ಸುಮ್ನ ಕುಂದರ್ರಿ. ನಾ ತಿರುವ್ತೀನಿ" ಅನ್ನುತ್ತಿದ್ದರು. ಎಷ್ಟೋ ಪೈಲವಾನರನ್ನು ಚಿತ್ ಮಾಡಿದ ಮನುಷ್ಯ ಮುಂಗೈಯಿಂದ ಮೂಗು ಒರೆಸಿಕೊಳ್ಳುತ್ತ ಗಾಲಿ ತಿರುಗಿಸುತ್ತಿದ್ದರು. ಬಂದವರು ಒಬ್ಬೊಬ್ಬರಾಗಿ ಎದ್ದು ಚಪ್ಪಲಿ ಹಾಕಿಕೊಂಡು ಹೋದರು.

ರಾಯಚೂರಿನಲ್ಲಿ ಕಾಲು ಎತ್ತಿ ಎಂದು ಡಾಕ್ಟರು ಹೇಳುವ ಮೊದಲೇ ನನ್ನ ಗಂಡ "ಎತ್ತಾಕ ಬರೂದಿಲ್ರಿ" ಅಂದುಬಿಟ್ಟರು. ತಿರುಗುವ ಕೆಲಸಕ್ಕೆ ಆಗುವುದಿಲ್ಲ ಎಂದಾಯಿತು. ಕುಷ್ಟಗಿಯಲ್ಲಿ ಬಸ್ಸು ಬದಲಿಸಿ ಬರುವಾಗ ಅವರು ತಿರುಗುತ್ತಿದ್ದ ಹಳ್ಳಿಯೊಂದರಲ್ಲಿ ಬಸ್ಸು ನಿಂತಿತು. ರಸ್ತೆಯ ಬದಿಯ ಮನೆಯ ಗೋಡೆಯ ಮೇಲೆ ಅವರು ಬರೆದ ತಾರೀಖು ಮಳೆಗೆ ಅರ್ಧ ಅಳಿಸಿ ಇನ್ನೂ ಇತ್ತು. ಅವರು ನೋಡಿದರು. ನಾನು ಅವರು ನೋಡುವುದನ್ನು ನೋಡಿದೆ. ಮುಂದೆ ನಾನು ಅಂಗನವಾಡಿಗೆ ಸೇರಿ ಸಂಸಾರ ತೂಗಿಸಿದೆ, ಅದು ಬೇರೆ ಕಥೆ. ಅವತ್ತು ಬಸ್ಸಿನಲ್ಲಿ ನನಗೆ ಯಾವ ದಾರಿಯೂ ಕಂಡಿರಲಿಲ್ಲ.

ಮರುದಿನ ಸಂತೆ. ಹೊತ್ತೇರಿತು. ಇನ್ನು ಯಾರು ಬರುತ್ತಾರೆಂದು ನಾನು ಚಹಾಕ್ಕೆ ನೀರೂ ಇಟ್ಟಿರಲಿಲ್ಲ. ಬಾಗಿಲಲ್ಲಿ ಕೆಮ್ಮು ಕೇಳಿಸಿತು. ವಸ್ತಾದರು ಹೊಸ್ತಿಲ ಆಚೆ ನೆಲ ನೋಡುತ್ತ ನಿಂತಿದ್ದರು. ಅವರ ಹಿಂದೆ ತಾಳ ಬಗಲಲ್ಲಿಟ್ಟುಕೊಂಡ ಅಜ್ಜ, ಚಾಚಾ, ಹಳ್ಳಿಯ ಮಂದಿ. ಸಣ್ಣ ಊರು, ಸುದ್ದಿ ಎಲ್ಲರಿಗೂ ಮುಟ್ಟಿತ್ತು. ಒಳಗೆ ಬಂದು ಸುಮ್ಮನೆ ಕೂತರು. ಮೊದಲ ಸಲ ಯಾರೂ ಗೆಲುವಾಗ್ಯಾರ ಅನ್ನಲಿಲ್ಲ. ಹೋಗಬೇಕೋ ಇರಬೇಕೋ ಅವರಿಗೂ ತಿಳಿಯುತ್ತಿರಲಿಲ್ಲ. ಆ ಸೂಜಿಯ ಮುದುಕಿ ಶೇಂಗಾದ ಗಂಟು ಬಿಚ್ಚದೆ ಮಡಿಲಲ್ಲೇ ಹಿಡಿದುಕೊಂಡಿದ್ದಳು.

ನನ್ನ ಗಂಡ ಅವರನ್ನೆಲ್ಲ ಒಂದು ಸಲ ನೋಡಿ ನನ್ನನ್ನು ಕರೆದರು.

"ನನ್ನ ಎತ್ತಿ ಕುಂದ್ರಸ್ರಿ. ನೀ ಅರಿವಿ ತಗೊಂಡ್ ಬಾ, ಕಾಲು ಕಟ್ಟು."

"ಇನ್ನ ಯಾಕ್ರೀ ಅದು?" ಅಂದೆ. ನನಗೆ ಅಳು ಬಂದಿತ್ತು.

"ಮನಿಗೆ ಇಷ್ಟ ಮಂದಿ ಬಂದಾರ. ಬರಿಗೈಲೆ ಹೆಂಗ ಕಳಸೂದು? ಕಟ್ಟು."

ಕಟ್ಟಿದೆ. ಅವರು ಬಲಗಾಲಿನಿಂದ ಒತ್ತಿದರು. ಗಾಲಿ ತಿರುಗಿತು, ಎಡಗಾಲು ಏರಿ ಇಳಿಯಿತು. ಅಜ್ಜ ಗಂಟಲು ಸರಿಮಾಡಿಕೊಂಡು ನಿಧಾನದ ಪದವೊಂದನ್ನು ಎತ್ತಿಕೊಂಡರು, ವಸ್ತಾದರು ಜಗಳ ತೆಗೆಯಲಿಲ್ಲ. ಮುದುಕಿ ಎದ್ದು ಬಂದು ಆ ಕಾಲನ್ನೇ ನೋಡುತ್ತ ನಿಂತಳು.

"ಮೊನ್ನೆಕಿಂತ ಗೆಲುವಾಗೈತಿ, ಅಲ್ಲನ ಯಪ್ಪಾ?" ಅಂದಳು.

"ಹೂಂ ಯವ್ವಾ" ಅಂದರು ನನ್ನ ಗಂಡ, ಗಾಲಿ ನಿಲ್ಲಿಸದೆ. "ಭಾಳ ಗೆಲುವಾಗೈತಿ."